ಶಾಸಕರ ಪಗಾರ, ಪಂಚಾಯಿತಿ ಸದಸ್ಯರ ಗೌರವಧನ: ಮೊತ್ತ ಬರೆಯುವ ಕೈ ಯಾರದು?

2025ರ ಮಾರ್ಚ್ 21, ಶುಕ್ರವಾರ. ಬಜೆಟ್ ಅಧಿವೇಶನದ ಕೊನೆಯ ದಿನ. ವಿಧಾನಸಭೆಯಲ್ಲಿ ಬೇರೆ ವಿಷಯಗಳಿಗೆ ಗದ್ದಲ ಎದ್ದಿತ್ತು. ಅದರ ನಡುವೆಯೇ ವೇತನಕ್ಕೆ ಸಂಬಂಧಿಸಿದ ಎರಡು ಮಸೂದೆಗಳು ಚರ್ಚೆಯಿಲ್ಲದೆ ಪಾಸಾದವು. ಶಾಸಕರ ತಿಂಗಳ ವೇತನ 40,000 ರೂಪಾಯಿ ಇದ್ದದ್ದು 80,000 ಆಯಿತು. ಸಚಿವರದು 60,000ದಿಂದ 1,25,000ಕ್ಕೆ, ಮುಖ್ಯಮಂತ್ರಿಯದು 75,000ದಿಂದ 1,50,000ಕ್ಕೆ, ಸಭಾಧ್ಯಕ್ಷರು ಮತ್ತು ಸಭಾಪತಿಯದು 75,000ದಿಂದ 1,25,000ಕ್ಕೆ ಏರಿತು. ಮಾಜಿ ಶಾಸಕರ ಪಿಂಚಣಿ 50,000 ಇದ್ದದ್ದು 75,000ಕ್ಕೆ ಹೋಯಿತು.

ಶನಿವಾರ, ರವಿವಾರ ಕಳೆದು ಸೋಮವಾರ ಮಾರ್ಚ್ 24ರಂದು ದೆಹಲಿಯಲ್ಲಿ ಸಂಸದೀಯ ವ್ಯವಹಾರಗಳ ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿತು. ಸಂಸದರ ವೇತನ 1,00,000 ರೂಪಾಯಿಯಿಂದ 1,24,000ಕ್ಕೆ ಏರಿತು, ಅದೂ 2023ರ ಏಪ್ರಿಲ್ 1ರಿಂದ ಪೂರ್ವಾನ್ವಯವಾಗಿ. ಒಂದು ಕಡೆ ನೂರಕ್ಕೆ ನೂರು, ಇನ್ನೊಂದು ಕಡೆ ನೂರಕ್ಕೆ ಇಪ್ಪತ್ನಾಲ್ಕು. ಧಾರವಾಡ ಜಿಲ್ಲೆಯ 7, ಗದಗಿನ 4, ಹಾವೇರಿಯ 6, ಹೀಗೆ ಹದಿನೇಳು ವಿಧಾನಸಭಾ ಕ್ಷೇತ್ರಗಳ ಶಾಸಕರಿಗೆ ಮೊದಲನೆಯ ಲೆಕ್ಕ ಅನ್ವಯಿಸಿದರೆ, ಧಾರವಾಡ ಮತ್ತು ಹಾವೇರಿ-ಗದಗ ಕ್ಷೇತ್ರಗಳ ಇಬ್ಬರು ಸಂಸದರಿಗೆ ಎರಡನೆಯದು. ಇದೇ ಹದಿನೇಳು ಕ್ಷೇತ್ರಗಳ ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಸದಸ್ಯರಿಗೆ ಆಗ ತಿಂಗಳಿಗೆ ಸಿಗುತ್ತಿದ್ದದ್ದು 2,000 ರೂಪಾಯಿ. ಆ ವಾರದ ಎರಡೂ ಕಾಗದಗಳಲ್ಲಿ ಅವರ ಹೆಸರಿರಲಿಲ್ಲ.

ಪಗಾರ ಹೆಚ್ಚಾಯಿತು ಅಂದಾಗ ನಮ್ಮಲ್ಲಿ ಮೊದಲು ಬರುವ ಮಾತು ‘ಇವರಿಗೆ ಇಷ್ಟು ಬೇಕಾ?’ ಅನ್ನುವುದು. ಕೇಳಬೇಕಾದ ಪ್ರಶ್ನೆ ಅದಕ್ಕಿಂತ ಒಂದು ಹೆಜ್ಜೆ ಹಿಂದಿದೆ. ಮೊತ್ತವನ್ನು ಬರೆಯುವವರು ಯಾರು, ಯಾವ ಲೆಕ್ಕ ಹಿಡಿದು ಬರೆಯುತ್ತಾರೆ, ಆ ಲೆಕ್ಕವನ್ನು ಹೊರಗಿನವರು ಯಾರಾದರೂ ತಾಳೆ ನೋಡುತ್ತಾರಾ? ಹುದ್ದೆ ಬದಲಾದಂತೆ ಈ ಮೂರಕ್ಕೂ ಉತ್ತರ ಬದಲಾಗುತ್ತದೆ. ಇವತ್ತಿನ ಅಸಮಾನತೆಯ ಬೇರು ಇರುವುದು ಅಲ್ಲಿ.

ಕಾನೂನು ಎಲ್ಲಿದೆ

ಸಂವಿಧಾನದ 195ನೇ ವಿಧಿ ಒಂದೇ ಮಾತು ಹೇಳುತ್ತದೆ: ರಾಜ್ಯ ಶಾಸಕಾಂಗದ ಸದಸ್ಯರ ವೇತನ ಮತ್ತು ಭತ್ಯೆಯನ್ನು ಆ ಶಾಸಕಾಂಗವೇ ಕಾನೂನಿನ ಮೂಲಕ ಗೊತ್ತುಪಡಿಸಬೇಕು. ಸಚಿವರಿಗೆ 164(5), ಸಭಾಧ್ಯಕ್ಷ-ಸಭಾಪತಿಗಳಿಗೆ 186, ಸಂಸದರಿಗೆ 106ನೇ ವಿಧಿ. ಎಲ್ಲ ಕಡೆಯೂ ಅದೇ ತತ್ವ. ಇದನ್ನು ಅನುಸರಿಸಿ ರಾಜ್ಯದಲ್ಲಿ 1956ರ ಎರಡು ಕಾಯ್ದೆಗಳಿವೆ. ಒಂದು ಕರ್ನಾಟಕ ವಿಧಾನಮಂಡಲದ ವೇತನ, ಪಿಂಚಣಿ ಮತ್ತು ಭತ್ಯೆಗಳ ಕಾಯ್ದೆ, ಇನ್ನೊಂದು ಸಚಿವರ ವೇತನ ಮತ್ತು ಭತ್ಯೆಗಳ ಕಾಯ್ದೆ. ಮೊತ್ತ ಬದಲಾಗಬೇಕಾದಾಗಲೆಲ್ಲ ಈ ಎರಡಕ್ಕೆ ತಿದ್ದುಪಡಿ ಬರುತ್ತದೆ. ಸಂಸದರಿಗೆ 1954ರ ಕಾಯ್ದೆ ಇದೆ. ಕೇಂದ್ರ ಸಚಿವರಿಗೆ 1952ರ ಪ್ರತ್ಯೇಕ ಕಾಯ್ದೆ ಇದ್ದರೂ ಅದು ವೇತನದ ದರಕ್ಕೆ ಸಂಸದರ ಕಾಯ್ದೆಯನ್ನೇ ತೋರಿಸುತ್ತದೆ. ಹಾಗಾಗಿ ಧಾರವಾಡದ ಸಂಸದ ಪ್ರಲ್ಹಾದ ಜೋಶಿಯವರು ಕೇಂದ್ರ ಸಚಿವರಾಗಿದ್ದರೂ ಮೂಲ ವೇತನ ಹಾವೇರಿ-ಗದಗ ಸಂಸದ ಬಸವರಾಜ ಬೊಮ್ಮಾಯಿಯವರಷ್ಟೇ. ವ್ಯತ್ಯಾಸವಿರುವುದು ಉಳಿದ ಭತ್ಯೆಗಳಲ್ಲಿ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಬಜೆಟ್ ಪುಸ್ತಕದಲ್ಲಿ ಖರ್ಚು ಎರಡು ಬಗೆ: ಸದನದ ಮತಕ್ಕೆ ಹಾಕುವ ಪುರಸ್ಕೃತ ವೆಚ್ಚ, ಮತಕ್ಕೆ ಹಾಕದೆ ನೇರ ಸಂಚಿತ ನಿಧಿಯ (ಸರ್ಕಾರದ ಮುಖ್ಯ ಖಜಾನೆಯ) ಮೇಲೆ ಬೀಳುವ ಪ್ರಭೃತ ವೆಚ್ಚ. ಸಾಮಾನ್ಯ ಶಾಸಕರ ವೇತನ ಮೊದಲನೆಯದರಲ್ಲಿ ಬರುತ್ತದೆ. ಸಭಾಧ್ಯಕ್ಷ, ಉಪಸಭಾಧ್ಯಕ್ಷ, ಸಭಾಪತಿ, ಉಪಸಭಾಪತಿಗಳ ವೇತನವನ್ನು 202(3)ನೇ ವಿಧಿ ಎರಡನೆಯದಕ್ಕೆ ಸೇರಿಸಿದೆ. 2025ರ ಮಾರ್ಚ್‌ನಲ್ಲಿ ಸಭಾಪತಿಯಾಗಿದ್ದ ಬಸವರಾಜ ಹೊರಟ್ಟಿಯವರು ಪಶ್ಚಿಮ ಶಿಕ್ಷಕರ ಕ್ಷೇತ್ರದವರು, ಉಪಸಭಾಧ್ಯಕ್ಷರಾಗಿದ್ದ ರುದ್ರಪ್ಪ ಲಮಾಣಿಯವರು ಹಾವೇರಿಯವರು. ಪೀಠದಲ್ಲಿ ಕುಳಿತವರ ಪಗಾರವನ್ನು ಕಡಿತ ಮಾಡುತ್ತೇವೆಂದು ಬಹುಮತವು ಅವರನ್ನು ಹೆದರಿಸಬಾರದು ಅನ್ನುವುದು ಇದರ ಉದ್ದೇಶ. ಒಳ್ಳೆಯ ಏರ್ಪಾಡು. ದರ ನಿಗದಿ ಮಾತ್ರ ಅದೇ ಕಾಯ್ದೆಯ ಮೂಲಕವೇ ಆಗಬೇಕು.

ಮಸೂದೆ ನಡೆಯುವ ದಾರಿ

ಕಾಗದದ ಮೇಲೆ ದಾರಿ ಸಾಕಷ್ಟು ಉದ್ದವಿದೆ. ಪ್ರಸ್ತಾವ ಸಿದ್ಧವಾಗುತ್ತದೆ, ಆರ್ಥಿಕ ಇಲಾಖೆಯ ಅಭಿಪ್ರಾಯ ಬರುತ್ತದೆ, ಸಂಪುಟ ಒಪ್ಪುತ್ತದೆ, ಸಂಚಿತ ನಿಧಿಯಿಂದ ಹಣ ಹೋಗುವುದರಿಂದ 207ನೇ ವಿಧಿಯಡಿ ರಾಜ್ಯಪಾಲರ ಶಿಫಾರಸು ಬೇಕಾಗುತ್ತದೆ. ಮಸೂದೆಯ ಕೊನೆಯಲ್ಲಿ ಉದ್ದೇಶ ಮತ್ತು ಕಾರಣಗಳ ಹೇಳಿಕೆಯೂ, ವರ್ಷಕ್ಕೆ ಎಷ್ಟು ಹೆಚ್ಚುವರಿ ಹೊರೆ ಎಂದು ಹೇಳುವ ಆರ್ಥಿಕ ಜ್ಞಾಪನವೂ ಇರುತ್ತವೆ. ಆಮೇಲೆ ಮಂಡನೆ, ಖಂಡವಾರು ಪರಿಶೀಲನೆ, ಅಂಗೀಕಾರ, ಪರಿಷತ್ತು, ಅಂಕಿತ, ರಾಜ್ಯಪತ್ರ. ಈ ಎಲ್ಲ ಹಂತಗಳನ್ನು ದಾಟುವಾಗ ಹೊರಗಿನ ಒಬ್ಬ ಮನುಷ್ಯನೂ ‘ಈ ಅಂಕಿ ಎಲ್ಲಿಂದ ಬಂತು’ ಎಂದು ಕೇಳುವ ಜಾಗ ಒಂದೇ ಒಂದೂ ಇಲ್ಲ. ಕೇಳಬಹುದಾದವರು ವಿರೋಧ ಪಕ್ಷದವರು. ಅವರಿಗೂ ಅದೇ ಪಗಾರ.

ಖಂಡವಾರು ಪರಿಶೀಲನೆ ಎಂಬ ಹಂತ ಇರುವುದೇ ಒಂದೊಂದು ಅಂಕಿಗೂ ನಿಂತು ಸಮರ್ಥನೆ ಕೊಡಲಿ ಎಂದು. ಗದ್ದಲವಿದ್ದಾಗ ಅದು ‘ಪರವಾಗಿರುವವರು ಹೌದು ಎನ್ನಿ, ವಿರೋಧವಾಗಿರುವವರು ಇಲ್ಲ ಎನ್ನಿ’ ಎಂಬ ಓದಿಗೆ ಇಳಿಯುತ್ತದೆ. ಧ್ವನಿಮತದಲ್ಲಿ ಯಾರು ಹೌದೆಂದರು, ಯಾರು ಇಲ್ಲವೆಂದರು ಎಂಬ ದಾಖಲೆ ಉಳಿಯುವುದಿಲ್ಲ. ಕುಂದಗೋಳದ ಮತದಾರ ತನ್ನ ಶಾಸಕ ಆ ದಿನ ಯಾವ ಕಡೆ ಇದ್ದ ಎಂದು ಸದನದ ನಡಾವಳಿ ತೆರೆದು ನೋಡಿದರೂ ಉತ್ತರ ಸಿಗದು. ಹಿಂದಿನ ಸಲವೂ ಹೀಗೇ ನಡೆದಿತ್ತು. 2022ರ ಫೆಬ್ರವರಿಯಲ್ಲಿ, ಶಿಗ್ಗಾಂವಿ ಕ್ಷೇತ್ರದ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾಗಿದ್ದಾಗ, ಶಾಸಕರ ವೇತನ 25,000ದಿಂದ 40,000ಕ್ಕೆ ಏರಿದ್ದೂ ವಿರೋಧ ಪಕ್ಷದ ಧರಣಿಯ ನಡುವೆ, ಚರ್ಚೆಯಿಲ್ಲದೆ. 2025ರಲ್ಲಿ ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಖಾತೆ ಇದ್ದದ್ದು ಗದಗ ಶಾಸಕ ಎಚ್.ಕೆ. ಪಾಟೀಲರ ಬಳಿ. ಪಕ್ಷ ಬದಲಾದರೂ ಪದ್ಧತಿ ಬದಲಾಗಲಿಲ್ಲ ಎಂಬುದಕ್ಕೆ ನಮ್ಮ ಮೂರು ಜಿಲ್ಲೆಗಳೇ ಸಾಕ್ಷಿ.

ನ್ಯಾಯಾಲಯವೂ ಇಲ್ಲಿ ಕೈ ಹಾಕಿಲ್ಲ. ಮಾಜಿ ಸಂಸದರ ಪಿಂಚಣಿಯನ್ನು ಪ್ರಶ್ನಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2018ರ ಏಪ್ರಿಲ್‌ನಲ್ಲಿ ವಜಾ ಮಾಡಿತು. ತೀರ್ಮಾನ ಸಂಸತ್ತಿಗೆ ಬಿಟ್ಟದ್ದು ಎಂಬುದು ಅದರ ಸಾರ.

ಸೂಚ್ಯಂಕ ಇತ್ತು, ಏನಾಯಿತು?

2022ರ ತಿದ್ದುಪಡಿಯಲ್ಲಿ ನಿಜಕ್ಕೂ ಒಂದು ಒಳ್ಳೆಯ ಸಾಲು ಇತ್ತು. ಐದು ವರ್ಷಕ್ಕೊಮ್ಮೆ ವೇತನ-ಭತ್ಯೆಯನ್ನು ವೆಚ್ಚ ಹಣದುಬ್ಬರ ಸೂಚ್ಯಂಕದ ಆಧಾರದ ಮೇಲೆ ಪರಿಷ್ಕರಿಸಬೇಕು ಎಂಬುದು ಅದು. ಸಂಸತ್ತು 2018ರಲ್ಲೇ ಮಾಡಿಕೊಂಡಿದ್ದ ಏರ್ಪಾಡನ್ನು ರಾಜ್ಯ ಎರವಲು ತಂದಿತ್ತು. ಈ ಸೂಚ್ಯಂಕ ಹುಬ್ಬಳ್ಳಿಯಲ್ಲಿ ಪ್ಲಾಟು ಮಾರಿ ಸಿಎ ಬಳಿ ಹೋದವರಿಗೆಲ್ಲ ಗೊತ್ತಿರುವಂಥದ್ದೇ. ಆದಾಯ ತೆರಿಗೆ ಕಾನೂನಿನ ಪ್ರಕಾರ, ಹಳೆಯ ಕಾಲದಲ್ಲಿ ಕೊಂಡ ಆಸ್ತಿಯ ಬೆಲೆಯನ್ನು ಇವತ್ತಿನ ಬೆಲೆಗೆ ಏರಿಸಿ ಬಂಡವಾಳ ಲಾಭ ಲೆಕ್ಕ ಹಾಕಲು ಇದನ್ನು ಪ್ರತಿ ವರ್ಷ ಹೊರಡಿಸುತ್ತಾರೆ. 2001-02ನ್ನು 100 ಎಂದು ಹಿಡಿದ ಸರಣಿ. ನಗರ ಗ್ರಾಹಕ ಬೆಲೆ ಸೂಚ್ಯಂಕ ವರ್ಷದಲ್ಲಿ ಎಷ್ಟು ಏರಿತೋ ಅದರ ಶೇ 75ರಷ್ಟನ್ನು ಮಾತ್ರ ಇದು ಎತ್ತಿಕೊಳ್ಳುತ್ತದೆ. ಅಂದರೆ ಬೆಲೆ ಏರಿಕೆಯ ಮುಕ್ಕಾಲು ಪಾಲಷ್ಟೇ ಪರಿಹಾರ. ಸರ್ಕಾರಿ ನೌಕರರ ತುಟ್ಟಿಭತ್ಯೆಗಿಂತ ಬಿಗಿಯಾದ ಅಳತೆ ಇದು.

ಸಂಸದರ ಲೆಕ್ಕವನ್ನೇ ಮಾಡಿ ನೋಡಬಹುದು. 2018-19ರ ಸೂಚ್ಯಂಕ 280. 2023-24ರದು 348. ಭಾಗಿಸಿದರೆ 1.243. ಒಂದು ಲಕ್ಷವನ್ನು ಇದರಿಂದ ಗುಣಿಸಿದರೆ 1,24,300, ಸಾವಿರಕ್ಕೆ ಸರಿದೂಗಿಸಿದರೆ 1,24,000. ದಿನಭತ್ಯೆ 2,000 ಇದ್ದದ್ದು 2,486 ಆಗಿ 2,500ಕ್ಕೆ ನಿಂತಿತು. ಪಿಂಚಣಿ 25,000ದಿಂದ 31,000. ಯಾರು ಬೇಕಾದರೂ ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ಒತ್ತಿ ತಾಳೆ ನೋಡಬಹುದಾದ ಲೆಕ್ಕ. ಮೂಲ ಮೊತ್ತವೇ ಹೆಚ್ಚಾಯಿತೆಂದು ಯಾರಾದರೂ ತಕರಾರು ಮಾಡಬಹುದು, ಏರಿಕೆಯ ಬಗ್ಗೆ ಮಾಡಲಾಗದು.

ಇದೇ ಅಳತೆಯನ್ನು ಶಾಸಕರಿಗೆ ಹಿಡಿಯೋಣ. ವೇತನ 40,000 ಎಂದು ಮಸೂದೆ ಪಾಸಾದ 2021-22ರಲ್ಲಿ ಸೂಚ್ಯಂಕ 317. ದುಪ್ಪಟ್ಟು ಮಾಡಿದ 2024-25ರಲ್ಲಿ 363. ಏರಿಕೆ ಶೇ 14.5. ಸೂಚ್ಯಂಕದ ಮಾತು ಕೇಳಿದ್ದರೆ 45,800 ರೂಪಾಯಿ ಆಗಬೇಕಿತ್ತು. ಆದದ್ದು 80,000. ಈ ಸೂಚ್ಯಂಕ 100ರಿಂದ 200 ಮುಟ್ಟಲು 2001-02ರಿಂದ 2012-13ರವರೆಗೆ ಹನ್ನೊಂದು ವರ್ಷ ತೆಗೆದುಕೊಂಡಿತ್ತು. ಆ 200 ಇನ್ನೂ 400 ಆಗಿಲ್ಲ, 2025-26ರಲ್ಲಿ 376. ಶಾಸಕರ ವೇತನ ಮೂರೇ ವರ್ಷದಲ್ಲಿ ದುಪ್ಪಟ್ಟಾಯಿತು.

40,000 ಕಡಿಮೆಯಾಗಿತ್ತು, ಅದನ್ನು ಸರಿಪಡಿಸಬೇಕಿತ್ತು ಎಂಬ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಹೊಲ-ಮನೆ, ಗುತ್ತಿಗೆ ವ್ಯವಹಾರ ಏನೂ ಇಲ್ಲದ ಒಬ್ಬ ಶಿಕ್ಷಕ ಅಥವಾ ಕೂಲಿ ಕುಟುಂಬದ ಹೆಣ್ಣುಮಗಳು ಶಾಸಕಿಯಾಗಿ, ಪ್ರಾಮಾಣಿಕವಾಗಿ ಬಾಳಬೇಕಾದರೆ ಪಗಾರ ಸಾಲಬೇಕು. ವಾದ ನಿಜವೇ ಆಗಿದ್ದರೆ ಅದನ್ನು ಸದನದಲ್ಲಿ ಲೆಕ್ಕದ ಸಮೇತ ಇಡಬೇಕಿತ್ತು: ಕ್ಷೇತ್ರ ಕಚೇರಿಯ ಬಾಡಿಗೆ ಇಷ್ಟು, ಡೀಸೆಲ್ಲಿಗೆ ಇಷ್ಟು, ಸಹಾಯಕನಿಗೆ ಇಷ್ಟು, ಕೊರತೆ ಇಷ್ಟು ಎಂದು. ಹಾಗೆ ಇಟ್ಟ ಕಾಗದವೇ ಇಲ್ಲ. ತಾವೇ ಬರೆದ ಸೂಚ್ಯಂಕದ ನಿಯಮವನ್ನು ತಾವೇ ಮೊದಲ ಐದು ವರ್ಷದ ಅವಧಿ ಮುಗಿಯುವ ಮುಂಚೆ ದಾಟಿದ್ದಕ್ಕೆ ಕಾರಣವನ್ನೂ ಯಾರೂ ಹೇಳಲಿಲ್ಲ.

ವೇತನ ಚಿಕ್ಕದು, ಭತ್ಯೆ ದೊಡ್ಡದು

ಪತ್ರಿಕೆಯ ತಲೆಬರಹದಲ್ಲಿ ಬರುವುದು ವೇತನ. ಹಣದ ಭಾರ ಇರುವುದು ಭತ್ಯೆಯಲ್ಲಿ. ಒಂದು ಸರಳ ಲೆಕ್ಕ ಇದನ್ನು ತೋರಿಸುತ್ತದೆ. ವಿಧಾನಸಭೆಯ 224, ಪರಿಷತ್ತಿನ 75, ಒಟ್ಟು 299 ಮಂದಿ. ಎಲ್ಲರಿಗೂ ತಿಂಗಳಿಗೆ 40,000 ಹೆಚ್ಚಾಯಿತೆಂದು ಹಿಡಿದರೂ ವರ್ಷಕ್ಕೆ 14 ಕೋಟಿ 35 ಲಕ್ಷ ರೂಪಾಯಿ. 2025ರ ಪರಿಷ್ಕರಣೆಯ ಒಟ್ಟು ವಾರ್ಷಿಕ ಹೊರೆ ಸುಮಾರು 62 ಕೋಟಿ ಎಂದು ಆಗ ವರದಿಯಾಗಿತ್ತು. ಸಚಿವರ ಹೆಚ್ಚಳಕ್ಕೆ ಇನ್ನೆರಡು-ಮೂರು ಕೋಟಿ ಸೇರಿಸಿದರೂ ಮುಕ್ಕಾಲು ಪಾಲಿಗೆ ಹತ್ತಿರದಷ್ಟು ಉಳಿಯುತ್ತದೆ. ಅದು ಹೋಗುವುದು ಕ್ಷೇತ್ರ ಪ್ರವಾಸ, ದೂರವಾಣಿ, ಅಂಚೆ, ಆಪ್ತ ಸಹಾಯಕ, ಮನೆ ಬಾಡಿಗೆ, ಆತಿಥ್ಯ, ಪಿಂಚಣಿ ಇವುಗಳಿಗೆ. (2025-26ರ ರಾಜ್ಯ ಬಜೆಟ್ ಗಾತ್ರ 4,09,549 ಕೋಟಿ. ಅದರ ಮುಂದೆ 62 ಕೋಟಿಯಿಂದ ಖಜಾನೆ ಮುಳುಗುವುದಿಲ್ಲ, ಆ ವಾದಕ್ಕೆ ಬಲವಿಲ್ಲ.)

ಭತ್ಯೆ ಹೀಗೆ ಊದಿಕೊಳ್ಳಲು ತೆರಿಗೆ ಕಾನೂನು ಒಂದು ಕಾರಣ. ಶಾಸಕರಿಗೂ ಸರ್ಕಾರಕ್ಕೂ ಮಾಲೀಕ-ನೌಕರ ಸಂಬಂಧವಿಲ್ಲ. ಹಾಗಾಗಿ ಅವರ ವೇತನಕ್ಕೆ ‘ಇತರ ಮೂಲಗಳ ಆದಾಯ’ ಎಂಬ ತಲೆಬರಹದಡಿ ತೆರಿಗೆ. ಆದರೆ 1961ರ ಆದಾಯ ತೆರಿಗೆ ಕಾಯ್ದೆಯ 10(17)ನೇ ಕಲಂ ದಿನಭತ್ಯೆಗೂ ಕ್ಷೇತ್ರ ಭತ್ಯೆಗೂ ಪೂರ್ತಿ ವಿನಾಯಿತಿ ಕೊಟ್ಟಿತು. ಹಳೆಯ ತೆರಿಗೆ ಪದ್ಧತಿಯಲ್ಲಿ ವೇತನಕ್ಕೆ ಹತ್ತು ಸಾವಿರ ಸೇರಿಸಿದರೆ ತೆರಿಗೆ ಕಳೆದು ಏಳೆಂಟು ಸಾವಿರ ಕೈಗೆ ಬಂದೀತು, ಕ್ಷೇತ್ರ ಭತ್ಯೆಗೆ ಸೇರಿಸಿದರೆ ಹತ್ತೂ ಉಳಿಯುತ್ತದೆ. 2010ರಲ್ಲಿ ಸಂಸತ್ತಿನಲ್ಲಿ ಇದು ಕಣ್ಣೆದುರೇ ನಡೆಯಿತು. ಆಗ ಸಂಸದರ ವೇತನ 16,000. ಸರ್ಕಾರದ ಕಾರ್ಯದರ್ಶಿಗಿಂತ ಒಂದು ರೂಪಾಯಿಯಾದರೂ ಹೆಚ್ಚಿರಲಿ ಎಂದು ಸಂಸದೀಯ ಸಮಿತಿ 80,001 ರೂಪಾಯಿ ಕೇಳಿತ್ತು. ಸಂಪುಟ 50,000ಕ್ಕೆ ನಿಂತಿತು. ಸದಸ್ಯರು ಸಿಟ್ಟಾದಾಗ ವೇತನವನ್ನು ಮುಟ್ಟದೆ, ಕ್ಷೇತ್ರ ಭತ್ಯೆ ಮತ್ತು ಕಚೇರಿ ಭತ್ಯೆಗೆ ತಲಾ 5,000 ಸೇರಿಸಿ ಸಮಾಧಾನ ಮಾಡಿದರು.

ಭತ್ಯೆಯ ಇನ್ನೊಂದು ತೊಡಕು ರಸೀದಿಯದು. ದಿನಭತ್ಯೆಗೆ ಒಂದು ಶಿಸ್ತಿದೆ, ಹಾಜರಿ ಪುಸ್ತಕದಲ್ಲಿ ಸಹಿ ಇರಬೇಕು. ತಿಂಗಳಿಗೆ ಇಂತಿಷ್ಟು ಎಂದು ಒಟ್ಟಾಗಿ ಕೊಡುವ ಭತ್ಯೆಗೆ ಬಿಲ್ಲು ಇಡಬೇಕಾಗಿಲ್ಲ. ಅಂಚೆ ಭತ್ಯೆ ಇಡೀ ಅಂಚೆಗೇ ಹೋಯಿತಾ ಎಂದು ಕೇಳುವವರಿಲ್ಲ. ವಾಟ್ಸಾಪ್ ಕಾಲದಲ್ಲಿ ಅಂಚೆ ಭತ್ಯೆ ಏಕೆ ಉಳಿದಿದೆ ಎಂಬ ಪ್ರಶ್ನೆಗೂ ಇದೇ ಉತ್ತರ. ಒಮ್ಮೆ ಕಾಯ್ದೆಯಲ್ಲಿ ಸೇರಿದ ಬಾಬ್ತು ಕಾಲ ಸರಿದರೂ ತೆಗೆದು ಹಾಕುವವರಿಲ್ಲದೆ ಉಳಿದುಬಿಡುತ್ತದೆ.

ಪಿಂಚಣಿಯ ಮಾತೂ ಇಲ್ಲೇ ಬರಬೇಕು. ಶಾಸಕರು ಅದಕ್ಕಾಗಿ ತಿಂಗಳ ವಂತಿಗೆ ಕಟ್ಟುವುದಿಲ್ಲ. 2006ರ ಏಪ್ರಿಲ್ 1ರ ನಂತರ ಸೇರಿದ ರಾಜ್ಯ ಸರ್ಕಾರಿ ನೌಕರರು ಹೊಸ ಪಿಂಚಣಿ ಯೋಜನೆಯಲ್ಲಿ (ಎನ್‌ಪಿಎಸ್) ಇದ್ದಾರೆ, ತಿಂಗಳು ತಿಂಗಳು ಪಗಾರದಿಂದ ಕಡಿತ ಆಗುತ್ತದೆ, ನಿವೃತ್ತಿಯ ದಿನ ಎಷ್ಟು ಸಿಕ್ಕೀತೆಂಬ ಖಾತ್ರಿಯಿಲ್ಲ.

ಆರು ಸಾವಿರದ ಅಧ್ಯಕ್ಷರು

ಈಗ ಕೆಳಗಿನ ಮೆಟ್ಟಿಲಿಗೆ ಬರೋಣ. ಇಲ್ಲಿ ಪದವೇ ಬೇರೆ. ವೇತನ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಮೊತ್ತವನ್ನು ಪಂಚಾಯಿತಿ ತಾನೇ ಬರೆದುಕೊಳ್ಳುವಂತಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆ ದರವನ್ನು ಸರ್ಕಾರಕ್ಕೆ ಬಿಟ್ಟಿದೆ, ಗ್ರಾಮೀಣಾಭಿವೃದ್ಧಿ ಇಲಾಖೆಯ ಆದೇಶ ಬಂದಾಗ ಏರುತ್ತದೆ. ಸೂಚ್ಯಂಕ ಇಲ್ಲ, ಅವಧಿ ಇಲ್ಲ. 2023ರಲ್ಲಿ ಅಧ್ಯಕ್ಷರದು 3,000ದಿಂದ 6,000ಕ್ಕೆ, ಉಪಾಧ್ಯಕ್ಷರದು 2,000ದಿಂದ 4,000ಕ್ಕೆ, ಸದಸ್ಯರದು 1,000ದಿಂದ 2,000ಕ್ಕೆ ದುಪ್ಪಟ್ಟಾಯಿತು. ಅದೂ ‘ದುಪ್ಪಟ್ಟೇ’. ಶೇಕಡಾವಾರು ನೋಡಿ ಮೋಸಹೋಗಬಾರದು ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

2,000 ರೂಪಾಯಿಯನ್ನು ಅಳೆಯಲು ಹಳ್ಳಿಯ ಅಳತೆಗೋಲೇ ಸರಿ. 2025-26ರಲ್ಲಿ ಕರ್ನಾಟಕದಲ್ಲಿ ನರೇಗಾ ದಿನಗೂಲಿ 370 ರೂಪಾಯಿ ಇತ್ತು. ಸದಸ್ಯರ ತಿಂಗಳ ಗೌರವಧನ ಆರು ದಿನದ ಕೂಲಿಗೂ ಸಾಲದು. ಅಧ್ಯಕ್ಷರದು ಹದಿನಾರು ದಿನದ ಕೂಲಿ. ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ಕುಂದಗೋಳ ಬದಿಯಲ್ಲಿ ಮೆಣಸಿನಕಾಯಿ ಬಿಡಿಸಲು, ಶಿರಹಟ್ಟಿ ಕಡೆ ಶೇಂಗಾ ಕೀಳಲು ಹೋಗುವ ಹೆಣ್ಣುಮಗಳು ಸದಸ್ಯೆಯಾದರೆ ಸಾಮಾನ್ಯ ಸಭೆ, ಗ್ರಾಮಸಭೆ, ತಾಲ್ಲೂಕು ಕಚೇರಿಯ ಓಡಾಟ, ನೀರು ಬರಲಿಲ್ಲವೆಂದು ಬಂದವರ ಜೊತೆ ವಾಟರ್‌ಮ್ಯಾನ್ ಮನೆಗೆ ಹೋಗುವುದು, ಇವೆಲ್ಲ ಕೂಲಿ ಬಿಟ್ಟೇ ಮಾಡಬೇಕು. ತಿಂಗಳಿಗೆ ಏಳು ದಿನ ಹೀಗೆ ಹೋದರೆ ಆಕೆ ತನ್ನ ಕೈಯಿಂದ ದುಡ್ಡು ಹಾಕಿ ಸದಸ್ಯೆಯಾಗಿದ್ದಾಳೆ ಎಂದೇ ಲೆಕ್ಕ.

ಇದರ ಪರಿಣಾಮ ಎಲ್ಲಿ ಕಾಣುತ್ತದೆ ಗೊತ್ತೇ? ಡೋಂಗಲ್‌ನಲ್ಲಿ. ಪಂಚಾಯಿತಿಯ ಹಣ ಪಾವತಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮತ್ತು ಅಧ್ಯಕ್ಷರು, ಇಬ್ಬರ ಡಿಜಿಟಲ್ ಸಹಿಯೂ ಬೇಕು. ಅಧ್ಯಕ್ಷರ ಸಹಿ ಇರುವುದು ಬೆರಳುದ್ದದ ಯುಎಸ್‌ಬಿ ಕೀಲಿಯಲ್ಲಿ, ಅದಕ್ಕೊಂದು ಪಿನ್. ನಿಯಮದ ಪ್ರಕಾರ ಪ್ರತಿ ಪಾವತಿಗೂ ಅಧ್ಯಕ್ಷರು ಕಚೇರಿಗೆ ಬಂದು, ಬಿಲ್ಲು, ಅಳತೆ ಪುಸ್ತಕ ನೋಡಿ, ಆಮೇಲೆ ಕೀಲಿ ಹಾಕಬೇಕು. ಒಂದು ಕೂಲಿಯ ದಿನ ಕಳೆದುಕೊಂಡು ಬಂದರೆ ಸರ್ವರ್ ಡೌನ್. ಮತ್ತೆ ನಾಳೆ ಬರಬೇಕು. ನಾಲ್ಕು ಸಲ ಹೀಗಾದ ಮೇಲೆ ಕೀಲಿ ಕಚೇರಿಯ ಡ್ರಾಯರಿನಲ್ಲೇ ಉಳಿಯುತ್ತದೆ, ಪಿನ್ ಒಂದು ಚೀಟಿಯಲ್ಲಿ. ಇಲ್ಲವೇ ಗಂಡನ ಕಿಸೆಗೆ ಹೋಗುತ್ತದೆ. ಮುಂದೆ ಲೆಕ್ಕಪರಿಶೋಧನೆಯಲ್ಲಿ ತಪ್ಪು ಸಿಕ್ಕರೆ ಹೊಣೆ ಮಾತ್ರ ಸಹಿ ಯಾರ ಹೆಸರಿನಲ್ಲಿದೆಯೋ ಅವರದು. ನಷ್ಟ ವಸೂಲಿಗೂ, ಹುದ್ದೆಯಿಂದ ತೆಗೆಯಲಿಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ. ತಿಂಗಳಿಗೆ 6,000 ಕೊಟ್ಟು ಇಷ್ಟು ದೊಡ್ಡ ಹೊಣೆ ಹೊರಿಸುವುದು ಅನ್ಯಾಯ ಮಾತ್ರವಲ್ಲ, ಸಾರ್ವಜನಿಕ ಹಣಕ್ಕೂ ಅಪಾಯ. ಎದುರಿನ ಕುರ್ಚಿಯ ಪಿಡಿಒ ಅವರ ಪಗಾರ ಇದರ ಎಷ್ಟೋ ಪಟ್ಟು. ಏಳನೇ ರಾಜ್ಯ ವೇತನ ಆಯೋಗದ ನಂತರ ಸರ್ಕಾರಿ ಸೇವೆಯ ಕನಿಷ್ಠ ಮೂಲ ವೇತನವೇ 27,000 ರೂಪಾಯಿ.

ಇದೇ ಪಂಚಾಯಿತಿ ಸದಸ್ಯರು ವಿಧಾನ ಪರಿಷತ್ತಿಗೆ ಮತದಾರರೂ ಹೌದು. ಧಾರವಾಡ ಸ್ಥಳೀಯ ಸಂಸ್ಥೆಗಳ ಕ್ಷೇತ್ರ ಅಂದರೆ ಧಾರವಾಡ, ಗದಗ, ಹಾವೇರಿ ಮೂರೂ ಸೇರಿದ ದ್ವಿಸದಸ್ಯ ಕ್ಷೇತ್ರ. 2021ರ ಡಿಸೆಂಬರ್‌ನಲ್ಲಿ ಇಲ್ಲಿಂದ ಸಲೀಂ ಅಹ್ಮದ್ ಮತ್ತು ಪ್ರದೀಪ ಶೆಟ್ಟರ ಆಯ್ಕೆಯಾದರು. ಮತ ಹಾಕಿದ ಸದಸ್ಯರ ಗೌರವಧನಕ್ಕಿಂತ ಗೆದ್ದವರ ವೇತನ 2025ರ ಏರಿಕೆಯ ನಂತರ ನಲವತ್ತು ಪಟ್ಟು. ಪಂಚಾಯತ್ ರಾಜ್‌ನ ಪಾಠ ಹೇಳಲೆಂದೇ ಗದಗಿನ ನಾಗಾವಿ ಬಳಿ ಒಂದು ವಿಶ್ವವಿದ್ಯಾಲಯವಿದೆ. ಈ ಗೌರವಧನದ ಲೆಕ್ಕವನ್ನು ಅಲ್ಲಿನ ತರಗತಿಯೊಂದು ಕೈಗೆತ್ತಿಕೊಂಡರೆ ಎಷ್ಟು ಚೆನ್ನ.

ಸೂಚ್ಯಂಕ ಒಂದೇ ಪಂಚಾಯಿತಿಗೆ ಮದ್ದಲ್ಲ ಎಂಬುದನ್ನೂ ಹೇಳಬೇಕು. 2023-24ರ 348ರಿಂದ 2025-26ರ 376ಕ್ಕೆ ಲೆಕ್ಕ ಹಾಕಿದರೆ 2,000 ಆಗುವುದು 2,161. ಮೊದಲು ಮೂಲ ಮೊತ್ತ ಸರಿಯಾಗಬೇಕು. ಅಧ್ಯಕ್ಷರ ಗೌರವಧನವನ್ನು 26 ದಿನದ ಸರ್ಕಾರಿ ಕೂಲಿ ದರಕ್ಕೆ ಕಟ್ಟಿದರೆ, 2025-26ರ ದರದಲ್ಲಿ 9,620 ರೂಪಾಯಿ ಆಗುತ್ತದೆ, ಕೂಲಿ ಏರಿದಾಗ ತಾನಾಗಿ ಏರುತ್ತದೆ. ಇದು ದೊಡ್ಡ ಬೇಡಿಕೆಯೇನಲ್ಲ. ಸ್ಥಳೀಯ ಸಂಸ್ಥೆಗಳ ಹಣಕಾಸು ನೋಡಲು ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ ರಚನೆಯಾಗಲೇಬೇಕೆಂದು ಸಂವಿಧಾನದ 243-ಐ ವಿಧಿ ಹೇಳುತ್ತದೆ. ಗೌರವಧನದ ಪ್ರಶ್ನೆ ಅದರ ಮುಂದೆ ಹೋಗಬಹುದು.

ನಗರದ ಕಥೆ ಸ್ವಲ್ಪ ಬೇರೆ. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಗೆ 1976ರ ಕಾಯ್ದೆ, ಗದಗ-ಬೆಟಗೇರಿ, ಹಾವೇರಿ ನಗರಸಭೆಗಳಿಗೆ 1964ರ ಕಾಯ್ದೆ. ಪಾಲಿಕೆ ತನ್ನ ಸದಸ್ಯರಿಗೆ ಗೌರವಧನ ಹೆಚ್ಚಿಸಬೇಕೆಂದು ನಿರ್ಣಯ ಮಾಡಿದರಷ್ಟೇ ಸಾಲದು, ಸರ್ಕಾರದ ಮಂಜೂರಾತಿ ಬೇಕು. ಹುಬ್ಬಳ್ಳಿ-ಧಾರವಾಡದ 2011ರ ಜನಸಂಖ್ಯೆ 9.43 ಲಕ್ಷ, 2021ರ ಚುನಾವಣೆ ನಡೆದದ್ದು 82 ವಾರ್ಡುಗಳಿಗೆ. ಸರಾಸರಿ ಒಂದು ವಾರ್ಡಿಗೆ 11,500 ಜನ. ಮೇಯರ್ ಅವಧಿ ಒಂದೇ ವರ್ಷ, ಗೌರವಧನದ ಕಡತ ಬೆಂಗಳೂರಿಗೆ ಹೋಗಿ ಬರುವುದರೊಳಗೆ ಮೇಯರ್ ಬದಲಾಗಿರುತ್ತಾರೆ. ಇನ್ನು ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದಿತ್ತು. ಚುನಾವಣೆ ನಡೆಯದ ವರ್ಷಗಳಲ್ಲಿ ಗೌರವಧನದ ದರ ನಿಯಮದಲ್ಲಿದ್ದರೂ ಪಡೆಯುವ ಕೈ ಇರಲಿಲ್ಲ.

ನೌಕರರಿಗೆ ಆಯೋಗ, ನಿಗಮಕ್ಕೆ ವಿನಾಯಿತಿ

ಸರ್ಕಾರಿ ನೌಕರರ ವೇತನ ಹೇಗೆ ನಿಗದಿಯಾಗುತ್ತದೆ ಎಂದು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ನಿಚ್ಚಳ. ಕೆ. ಸುಧಾಕರ ರಾವ್ ಅಧ್ಯಕ್ಷತೆಯ ಏಳನೇ ವೇತನ ಆಯೋಗ 2022ರ ನವೆಂಬರ್‌ನಲ್ಲಿ ರಚನೆಯಾಯಿತು. ಸಂಘಗಳಿಂದ ಮನವಿ ಪಡೆದು, ಹದಿನಾರು ತಿಂಗಳ ನಂತರ 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಜಾರಿಯಾದದ್ದು ಆ ವರ್ಷದ ಆಗಸ್ಟ್ 1ರಿಂದ. ಲೆಕ್ಕ ತೆರೆದ ಪುಸ್ತಕ: ಹಳೆಯ ಕನಿಷ್ಠ ಮೂಲ ವೇತನ 17,000, ಅದಕ್ಕೆ ಶೇ 31 ತುಟ್ಟಿಭತ್ಯೆ 5,270, ಶೇ 27.5 ಫಿಟ್‌ಮೆಂಟ್ (ಹೊಸ ಶ್ರೇಣಿಗೆ ಸೇರುವಾಗ ಕೊಡುವ ಹೆಚ್ಚಳ) 4,675, ಒಟ್ಟು 26,945, ಶ್ರೇಣಿಗೆ ಹೊಂದಿಸಿ 27,000. ನೌಕರರು ಕೇಳಿದ್ದು ಇದಕ್ಕಿಂತ ಹೆಚ್ಚು. ಸಿಗಲಿಲ್ಲವೆಂಬ ಅಸಮಾಧಾನ ಇರಬಹುದು, ಯಾಕೆ ಇಷ್ಟೇ ಎಂಬುದಕ್ಕೆ ವರದಿ ಕೈಯಲ್ಲಿದೆ. ಬ್ರಿಟನ್ನಿನಲ್ಲಿ 2009ರ ಕಾನೂನಿನಿಂದ ಹುಟ್ಟಿದ ಸ್ವತಂತ್ರ ಸಂಸ್ಥೆಯೊಂದು ಸಂಸದರ ವೇತನ ನಿಗದಿ ಮಾಡುತ್ತದೆ. ನಮ್ಮಲ್ಲೂ ಲೋಕಸಭೆಯ ಸ್ಪೀಕರ್ ಆಗಿದ್ದ ಸೋಮನಾಥ ಚಟರ್ಜಿ ಇಂಥ ಸ್ವತಂತ್ರ ಏರ್ಪಾಡು ಬೇಕೆಂದು ವಾದಿಸಿದ್ದರು. ಅದಕ್ಕೆ ಸಂವಿಧಾನ ತಿದ್ದಬೇಕಾಗಿಲ್ಲ. ಆಯೋಗ ಶಿಫಾರಸು ಮಾಡಲಿ, ಸದನ ಅದನ್ನು ಒಪ್ಪಲಿ ಅಥವಾ ಕಡಿಮೆ ಮಾಡಲಿ ಎಂದು 1956ರ ಕಾಯ್ದೆಯಲ್ಲೇ ಒಂದು ಪ್ರಕರಣ ಸೇರಿಸಿದರೆ ಸಾಕು.

ನಿಗಮ-ಮಂಡಳಿಗಳದು ಇನ್ನೊಂದು ಒಳದಾರಿ. ಸಚಿವರ ಸಂಖ್ಯೆ ವಿಧಾನಸಭೆಯ ಶೇ 15 ಮೀರಬಾರದೆಂದು 2003ರ 91ನೇ ತಿದ್ದುಪಡಿ ಮಿತಿ ಹಾಕಿತು, ಕರ್ನಾಟಕಕ್ಕೆ 34. ಸ್ಥಾನ ಸಿಗದವರಿಗೆ ನಿಗಮ. 2024ರ ಜನವರಿಯಲ್ಲಿ 34 ಶಾಸಕರನ್ನು ಸಂಪುಟ ದರ್ಜೆಯೊಂದಿಗೆ ನಿಗಮ-ಮಂಡಳಿ ಅಧ್ಯಕ್ಷರನ್ನಾಗಿ ಮಾಡಲಾಯಿತು. ಹುಬ್ಬಳ್ಳಿ-ಧಾರವಾಡ ಪೂರ್ವದ ಪ್ರಸಾದ ಅಬ್ಬಯ್ಯ ಕೊಳಗೇರಿ ಅಭಿವೃದ್ಧಿ ಮಂಡಳಿಗೆ, ಹುಬ್ಬಳ್ಳಿ ಗೋಕುಲ ರಸ್ತೆಯಲ್ಲಿ ಕೇಂದ್ರ ಕಚೇರಿ ಇರುವ ವಾಯವ್ಯ ಸಾರಿಗೆಗೆ ಕಾಗವಾಡದ ರಾಜು ಕಾಗೆ. ಶಾಸಕರಾಗಿದ್ದು ಲಾಭದಾಯಕ ಹುದ್ದೆ ಹಿಡಿದರೆ 191ನೇ ವಿಧಿಯಡಿ ಸ್ಥಾನ ಹೋಗಬೇಕು. ಹಣ ಪಡೆಯದಿದ್ದರೂ, ಪಡೆಯಬಹುದಾದ ಹುದ್ದೆಯಾದರೆ ಸಾಕೆಂದು 2006ರಲ್ಲಿ ಜಯಾ ಬಚ್ಚನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದರಿಂದ ಪಾರಾಗಲು ಅನರ್ಹತೆ ನಿವಾರಣೆಯ 1956ರ ಇನ್ನೊಂದು ಕಾಯ್ದೆ ಇದೆ. ಅದರ ಪಟ್ಟಿಗೆ ಹುದ್ದೆಗಳನ್ನು ಸೇರಿಸುತ್ತ ಹೋಗುತ್ತಾರೆ. ಅಧ್ಯಕ್ಷರ ಸೌಲಭ್ಯದ ಖರ್ಚು ಆಯಾ ನಿಗಮದ ಲೆಕ್ಕದಲ್ಲಿ ಕೂರುವುದರಿಂದ ವಿಧಾನಮಂಡಲದ ವೇತನದ ಬಾಬ್ತಿನಲ್ಲಿ ಅದು ಕಾಣುವುದೇ ಇಲ್ಲ.

ಲೆಕ್ಕ ಕೇಳುವುದು ಹೇಗೆ

ಮಾಹಿತಿ ಹಕ್ಕಿನಡಿ ಇದನ್ನೆಲ್ಲ ಪಡೆಯಬಹುದು. ಅರ್ಜಿ ತಿರಸ್ಕೃತವಾಗುವುದು ಬಹುತೇಕ ಬರೆದ ರೀತಿಯಿಂದ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆದರೂ ನಡೆಯುತ್ತದೆ, ಬಿಪಿಎಲ್ ಕಾರ್ಡ್ ಇದ್ದರೆ ಶುಲ್ಕವಿಲ್ಲ. ಪ್ರತಿ ಪುಟಕ್ಕೆ 2 ರೂಪಾಯಿ. ಶಾಸಕರದಾದರೆ ವಿಧಾನಸಭೆ ಸಚಿವಾಲಯದ, ಪರಿಷತ್ ಸದಸ್ಯರದಾದರೆ ಪರಿಷತ್ ಸಚಿವಾಲಯದ ಮಾಹಿತಿ ಅಧಿಕಾರಿಗೆ ಬರೆಯಬೇಕು. ನಿಗಮ ಅಧ್ಯಕ್ಷರ ಕಾರು, ಕಚೇರಿ, ಬಾಡಿಗೆಯ ಖರ್ಚಿಗೆ ಆಯಾ ನಿಗಮಕ್ಕೇ ಬೇರೆ ಅರ್ಜಿ ಹಾಕಬೇಕು. ತಪ್ಪು ಕಚೇರಿಗೆ ಹೋದರೂ 6(3)ನೇ ಕಲಂ ಪ್ರಕಾರ ಐದು ದಿನದಲ್ಲಿ ಸರಿಯಾದ ಕಚೇರಿಗೆ ದಾಟಿಸಬೇಕು. ‘ಶಾಸಕರಿಗೆ ಎಷ್ಟು ಸಂಬಳ’ ಎಂದು ಕೇಳಿದರೆ ಕಾಯ್ದೆಯ ಪ್ರತಿ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ‘ಇಂಥ ಕ್ಷೇತ್ರದ ಶಾಸಕರಿಗೆ ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಪಾವತಿಸಿದ ಮೊತ್ತ, ಬಾಬ್ತುವಾರು, ತಿಂಗಳವಾರು’ ಎಂದು ಬರೆಯಬೇಕು. ಪ್ರಯಾಣ ಭತ್ಯೆಗೆ ಬಿಲ್ಲಿನ ನಕಲನ್ನೇ ಕೇಳಬೇಕು. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ.

ಗ್ರಾಮ ಪಂಚಾಯಿತಿಯಲ್ಲಿ ಮಾಹಿತಿ ಅಧಿಕಾರಿ ಪಿಡಿಒ ಅವರೇ. ಅಲ್ಲಿ ಕೇಳಬೇಕಾದ ಪ್ರಶ್ನೆ ಮೇಲಿನದರ ತದ್ವಿರುದ್ಧ: ಅಧ್ಯಕ್ಷರು, ಸದಸ್ಯರಿಗೆ ಗೌರವಧನ ಯಾವ ತಿಂಗಳವರೆಗೆ ಪಾವತಿಯಾಗಿದೆ, ಎಷ್ಟು ತಿಂಗಳದು ಬಾಕಿ, ಬಾಕಿಗೆ ಕಾರಣವೇನು. ಈ ಅರ್ಜಿಯನ್ನು ಊರಿನವರು ಹಾಕಿದರೆ ಸದಸ್ಯರಿಗೂ ಬಲ ಬರುತ್ತದೆ, ತಮ್ಮದನ್ನು ತಾವೇ ಕೇಳಿಕೊಳ್ಳಲು ಸಂಕೋಚಪಡುವವರೇ ಅವರಲ್ಲಿ ಹೆಚ್ಚು.